ನಮ್ಮ ಹಳ್ಳಿ ಬಗ್ಗೆ ಅವರು ಬರೆದರು, ನಾವು ಬರೆಯೋದು ಯಾವಾಗ?

ಹೋದ ತಿಂಗಳು ಬೆಂಗಳೂರಿನ ಬಿಟಿಎಂ ಲೇಔಟಿಗೆ ಹೋಗಿದ್ದೆವು. ನಮ್ಮ ಜೊತೆ ಪತ್ರಿಕೋದ್ಯಮ ಡಿಪ್ಲೊಮಾ ಓದಿದ ಗೆಳೆಯ ಅಲ್ಲಿ ತಾವರೆಕೆರೆಯ ಒಂದು ಪಿಜಿಯಲ್ಲಿದ್ದಾನೆ. ಟೀ ಅಂಗಡಿ ಮುಂದೆ ನಿಂತಿದ್ದಾಗ ಅವನ ಪರಿಚಯದ ಜರ್ಮನ್ ಹುಡುಗನೊಬ್ಬ ಬಂದ. ಯಾವುದೋ ಕಂಪನಿಗೆ ಆರು ತಿಂಗಳ ತರಬೇತಿಗೆ ಬಂದವನಂತೆ. ನಾವು ಹಳ್ಳಿಯವರು ಎಂದು ಗೊತ್ತಾದ ಕೂಡಲೇ ಅವನ ಮುಖ ಅರಳಿತು. "ಇಲ್ಲಿಂದ ಹತ್ತಿರದ ಹಳ್ಳಿ ಯಾವುದು? ಒಂದು ದಿನ ಹೋಗಿ ನೋಡಬೇಕು" ಅಂದ.

ನಮ್ಮ ಗೆಳೆಯ ನಕ್ಕ. "ನೀನು ನಿಂತಿರೋದೇ ಹಳ್ಳಿಯಲ್ಲಿ" ಅಂದ.

ಹುಡುಗ ನಂಬಲಿಲ್ಲ. ಸುತ್ತ ನೋಡಿದ. ಪಿಜಿ ಬೋರ್ಡು, ಮೊಬೈಲ್ ಅಂಗಡಿ, ಸಾಲಾಗಿ ನಿಂತ ಬೈಕು. ಆದರೆ ಆ ಬೈಕುಗಳ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ಹಸು ಕಟ್ಟುತ್ತಿದ್ದರು. ಪಕ್ಕದಲ್ಲೇ ಊರ ದೇವತೆಯ ಸಣ್ಣ ಗುಡಿ, ಅದರ ಮುಂದೊಂದು ಅರಳಿಕಟ್ಟೆ. ಬಿಟಿಎಂ ಅಂದರೆ ಏನೆಂದು ಅವನಿಗೆ ಬಿಡಿಸಿ ಹೇಳಿದೆವು: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು, ಮೂರು ಇಂಗ್ಲಿಷ್ ಅಕ್ಷರ. ಆ ಅಕ್ಷರಗಳನ್ನು ದಿನಕ್ಕೆ ಹತ್ತು ಸಲ ಹೇಳುವ ನಮ್ಮ ಹುಡುಗರಲ್ಲೂ ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ.

ಆಮೇಲೆ ಅವನು ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾರೋ ವಿದೇಶಿ ಪ್ರವಾಸಿ ನಮ್ಮ ಕಡೆಯ ಒಂದು ಹಳ್ಳಿಗೆ ಹೋಗಿ ಅರ್ಧ ದಿನ ಇದ್ದು ಮಾಡಿದ್ದು. ಎತ್ತಿನಗಾಡಿ, ಮುದ್ದೆ, ನಗುವ ಮಕ್ಕಳು, ಹಿಂದೆ ಕೊಳಲಿನ ಸಂಗೀತ. ಇಲ್ಲಿ ಕಾಲ ನಿಂತುಹೋಗಿದೆ, ಜನ ಮುಗ್ಧರು, ಏನೂ ಇಲ್ಲದಿದ್ದರೂ ಸುಖವಾಗಿದ್ದಾರೆ ಅನ್ನುವುದು ಅದರ ತಾತ್ಪರ್ಯ. ಇಂಥ ವಿಡಿಯೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ನೀವೂ ನಾಲ್ಕು ಜನಕ್ಕೆ ಕಳಿಸಿರುತ್ತೀರಿ. ನಾವೂ ಕಳಿಸಿದ್ದೇವೆ. ಬಿಳಿ ಮುಖದವರು ನಮ್ಮ ಮುದ್ದೆ ನುಂಗಿದರೆ ನಮಗೊಂದು ಖುಷಿ.

ಇನ್ನೊಂದು ತರಹದ ವಿಡಿಯೊವೂ ಬರುತ್ತದೆ. ಚರಂಡಿ, ನೊಣ, ಬರಿಗಾಲಿನ ಮಗು. ಅದನ್ನು ನೋಡಿದರೆ ನಮಗೆ ಸಿಟ್ಟು. ಆದರೆ ಯೋಚನೆ ಮಾಡಿ. ಹೊಗಳಿದವನೂ ಅರ್ಧ ದಿನ ಇದ್ದ, ತೆಗಳಿದವನೂ ಅರ್ಧ ದಿನ ಇದ್ದ. ಇಬ್ಬರೂ ನಮ್ಮನ್ನು ಏನೂ ಕೇಳಲಿಲ್ಲ.

ಹಾಗಾದರೆ ವಿದೇಶಿಯರು ನಮ್ಮ ಹಳ್ಳಿಗಳನ್ನು ಸರಿಯಾಗಿ ನೋಡಿಯೇ ಇಲ್ಲವೇ? ನೋಡಿದ್ದಾರೆ. ನಮಗಿಂತ ಚೆನ್ನಾಗಿ ನೋಡಿದವರೂ ಇದ್ದಾರೆ. ಯಾರ ಮಾತನ್ನು ನಂಬಬೇಕು, ಯಾರದನ್ನು ಬಿಡಬೇಕು ಎಂದು ತಿಳಿಯಲು ನಾವು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಎಷ್ಟು ದಿನ ಇದ್ದರು? ಯಾರ ಮನೆ ಜಗಲಿ ಮೇಲೆ ಕೂತರು? ಬರೆದದ್ದನ್ನು ಯಾರ ಕೈಗೆ ಕೊಟ್ಟರು?

ಎಷ್ಟು ದಿನ ಇದ್ದರು?

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಂಗಸು ಮಂಡ್ಯ ಕಡೆಗೆ ಬಂದರು. ಹುಟ್ಟಿದ್ದು ವಿಯೆನ್ನಾದಲ್ಲಿ, ಯಹೂದಿ ಕುಟುಂಬ. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದವರು. ಮಂಡ್ಯಕ್ಕೆ ಬಂದಾಗ ಅವರಿಗೆ ಮೂವತ್ತೆರಡು ವರ್ಷ, ಹೆಚ್ಚುಕಡಿಮೆ ಈಗ ನಮಗಾಗಿರುವ ವಯಸ್ಸೇ. ಎರಡು ಹಳ್ಳಿ ಆರಿಸಿಕೊಂಡು 1956ರವರೆಗೆ ಅಲ್ಲೇ ಕೆಲಸ ಮಾಡಿದರು. ತಮ್ಮ ಪುಸ್ತಕದಲ್ಲಿ ಆ ಊರುಗಳನ್ನು ವಂಗಲ, ದಲೇನ ಎಂದು ಕರೆದರು.

ವಂಗಲಕ್ಕೆ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು. ದಲೇನದ ಹೊಲ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಸುತ್ತಲ ಊರೆಲ್ಲ ಹಸಿರಾದವು, ದಲೇನ ಒಣಗಿಯೇ ಉಳಿಯಿತು. ನಾವು ನೀವು ಏನೆಂದುಕೊಳ್ಳುತ್ತೇವೆ? ನೀರು ಬಂದ ಊರು ಬದಲಾಯಿತು, ಬಾರದ ಊರು ಹಿಂದುಳಿಯಿತು ಅಂತ. ಎಪ್‌ಸ್ಟೀನ್ ಕಂಡದ್ದು ಅಷ್ಟು ಸರಳವಾಗಿರಲಿಲ್ಲ.

ವಂಗಲದ ರೈತರು ಕಬ್ಬು ಬೆಳೆದು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹಾಕಿದರು, ಕೈಯಲ್ಲಿ ಕಾಸಾಡಿತು. ಆದರೆ ಊರಿನ ಒಳಗಿನ ಕಟ್ಟುಪಾಡು ಹಾಗೇ ಉಳಿಯಿತು. ಅಪ್ಪನ ಕಾಲದಿಂದ ಯಾರು ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದರೋ ಅವರೇ ಮಾಡಿದರು. ಯಜಮಾನರು ಯಜಮಾನರಾಗಿಯೇ ಉಳಿದರು. ದಲೇನದವರಿಗೆ ಹೊಲ ನಂಬಿ ಕೂರುವ ಹಾಗಿರಲಿಲ್ಲ. ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಗಾಡಿ ಹೊಡೆದರು, ಗಿರಣಿ ಹಾಕಿದರು, ಬೇರೆ ಊರಲ್ಲಿ ಗದ್ದೆ ಕೊಂಡರು. ಹಳೆಯ ಋಣಾನುಬಂಧ ಸಡಿಲವಾಯಿತು, ಊರ ಯಜಮಾನಿಕೆಯ ಹಿಡಿತ ತಪ್ಪಿತು. ನೀರು ಕಾಣದ ಊರೇ ಒಳಗಿನಿಂದ ಹೆಚ್ಚು ಬದಲಾಗಿತ್ತು.

ಅರ್ಧ ದಿನ ಇದ್ದು ಹೋಗುವವನಿಗೆ ಇದು ಕಾಣುವುದಿಲ್ಲ. ಅವನು ವಂಗಲದ ಕಬ್ಬಿನ ಗದ್ದೆ ಮುಂದೆ ಫೋಟೊ ತೆಗೆದು ಅಭಿವೃದ್ಧಿ ಅನ್ನುತ್ತಾನೆ, ದಲೇನದ ಬೋಳು ಹೊಲದ ಮುಂದೆ ಫೋಟೊ ತೆಗೆದು ಅಯ್ಯೋ ಪಾಪ ಅನ್ನುತ್ತಾನೆ.

ಎಪ್‌ಸ್ಟೀನ್ 1962ರಲ್ಲಿ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದರು. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಗ್ಗಿರುವುದನ್ನು ಕಂಡು ಇನ್ನೊಂದು ಪುಸ್ತಕ ಬರೆದರು. 1990ರ ದಶಕದಲ್ಲಿ ಸೂರ್ಯನಾರಾಯಣ, ತಿಮ್ಮೇಗೌಡ ಎಂಬ ಇಬ್ಬರು ನಮ್ಮವರನ್ನೇ ಜೊತೆ ಮಾಡಿಕೊಂಡು ನಲವತ್ತು ವರ್ಷದ ಲೆಕ್ಕ ಒಪ್ಪಿಸಿದರು. ಆ ಪುಸ್ತಕದ ಮೇಲೆ ಮೂವರ ಹೆಸರೂ ಇದೆ.

ಶಿವಮೊಗ್ಗ ಜಿಲ್ಲೆಯಲ್ಲಿ ಅಮೆರಿಕದ ಹೆಲೆನ್ ಉಲ್‌ರಿಚ್ 1964ರಿಂದ ದಶಕಗಟ್ಟಲೆ ಒಂದು ಊರಿನ ಹೆಂಗಸರ ಜೊತೆ ಒಡನಾಡಿ, 2017ರಲ್ಲಿ ಅವರ ಬಾಳಿನ ಬಗ್ಗೆಯೇ ಪುಸ್ತಕ ತಂದರು. ಮದುವೆಯಾಗಿ ಬಂದ ಸೊಸೆ ಅಜ್ಜಿಯಾಗುವಷ್ಟು ಕಾಲ ಅದು.

ಥಾಯ್ಲೆಂಡಿನಲ್ಲೂ ಹೀಗೇ ಇದೆ. ಅಲ್ಲಿನ ಹಳ್ಳಿ ಬದುಕಿನ ಬಗ್ಗೆ ವಿದೇಶಿಯರು ಬೇಕಾದಷ್ಟು ಬರೆಯುತ್ತಾರೆ. ಈಶಾನ್ಯದ ಇಸಾನ್ ಭಾಗದಲ್ಲಿ ಎಷ್ಟೋ ವಿದೇಶಿ ಗಂಡಸರು ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ಭತ್ತದ ಗದ್ದೆ ನಡುವೆ ನೆಲೆಸಿದ್ದಾರೆ. ಅವರು ಬರೆಯುವುದಕ್ಕೂ ವಾರದ ರಜೆಗೆ ಬಂದವನು ಬರೆಯುವುದಕ್ಕೂ ವ್ಯತ್ಯಾಸ ಇರಲೇಬೇಕು. ಊರಿನ ಅಳಿಯ ಸುಳ್ಳು ಬರೆದರೆ ಅತ್ತೆಮನೆಯಲ್ಲಿ ಊಟಕ್ಕೆ ಕೂರುವುದು ಕಷ್ಟವಲ್ಲವೇ!

ಯಾರ ಜಗಲಿ ಮೇಲೆ ಕೂತರು?

ಆಚೆಯವರು ಅಂದರೆ ಬಿಳಿಯರೇ ಆಗಬೇಕಿಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರಿನವರು, ಕನ್ನಡದವರು. ಆದರೂ ಆಕ್ಸ್‌ಫರ್ಡಿನಲ್ಲಿ ಓದಿ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಕೂತಾಗ ಆ ಊರಿಗೆ ಅವರೂ ಆಚೆಯವರೇ. ಪುಸ್ತಕದಲ್ಲಿ ಆ ಊರಿನ ಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದರು. 1976ರಲ್ಲಿ ಬಂದ ಆ ಪುಸ್ತಕವನ್ನು ಹಳ್ಳಿ ಬಗ್ಗೆ ಓದುವವರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಅವರು ಇಳಿದುಕೊಂಡಿದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ಹಾಗಾಗಿ ಊರು ಕಂಡದ್ದೂ ಹೆಚ್ಚಾಗಿ ಅಲ್ಲಿಂದಲೇ. ದಲಿತರ ಕೇರಿಯ ಕಡೆಯಿಂದ ಊರನ್ನು ನೋಡಲು ತಮಗೆ ಆಗಲಿಲ್ಲ ಎನ್ನುವುದನ್ನು ಶ್ರೀನಿವಾಸ್ ಅವರೇ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡದ್ದು ದೊಡ್ಡತನ. ಆದರೆ ನಾವು ಇದರಿಂದ ಕಲಿಯಬೇಕಾದದ್ದು ಇದೆ. ಊರಿಗೆ ಯಾರೇ ಬರಲಿ, ಮೊದಲು ಕಾಫಿ ಕೊಡುವವರು ಯಾರು? ದೊಡ್ಡ ಮನೆಯವರು. ಬಂದವರು ಆ ಮನೆಯ ಕಣ್ಣಲ್ಲೇ ಊರು ನೋಡಿ ಹೋಗುತ್ತಾರೆ.

ಜಗಲಿ ಬದಲಾದರೆ ಊರೇ ಬೇರೆ ಕಾಣುತ್ತದೆ. ಜಿಲ್ಲೆ ಬದಲಾದರೆ ಇನ್ನೂ ಬೇರೆ. ಅಮೆರಿಕದ ಅಲನ್ ಬೀಲ್ಸ್ 1950ರ ದಶಕದ ಮೊದಲಲ್ಲಿ ಬೆಂಗಳೂರಿಗೆ ಹತ್ತಿರದ ಒಂದು ಹಳ್ಳಿ ನೋಡಿದರು, ನಗರದ ಕೆಲಸ ಊರನ್ನು ಎಳೆಯುತ್ತಿದ್ದುದನ್ನು ಕಂಡರು. ಆಮೇಲೆ ಆಗಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗೆ ಹೋದರು. ಗೋಪಾಲಪುರ ಎಂದು ಹೆಸರಿಟ್ಟು 1962ರಲ್ಲಿ ಪುಸ್ತಕ ತಂದರು. ಅಲ್ಲಿ ಅವರಿಗೆ ಕಂಡದ್ದು ಒಂದು ಊರು ಇನ್ನೊಂದು ಊರಿಗೆ ಹೇಗೆ ಹೆಣೆದುಕೊಂಡಿದೆ ಎಂಬುದು. ಹೆಣ್ಣು ತರುವುದು ಆ ಊರಿಂದ, ಜಾತ್ರೆಗೆ ಹೋಗುವುದು ಈ ಊರಿಗೆ. ಒಂದೇ ಊರನ್ನು ಕಿತ್ತು ನೋಡಿದರೆ ಅರ್ಥವಾಗುವುದಿಲ್ಲ.

ಅದೇ ಕಾಲದಲ್ಲಿ ಎಡ್ವರ್ಡ್ ಹಾರ್ಪರ್ ಸಾಗರದ ಕಡೆ ಅಡಕೆ ತೋಟದ ಊರು ನೋಡಿದರು. ಕಮ್ಮಾರ, ಕ್ಷೌರಿಕರಿಗೆಲ್ಲ ಸುಗ್ಗಿಯಲ್ಲಿ ಧಾನ್ಯದ ಆಯ ಕೊಡುವ ಪದ್ಧತಿಯೇ ಇಡೀ ಭಾರತದ ಹಳ್ಳಿಯ ಲಕ್ಷಣ ಎಂದು ಆಗ ಬಹಳ ಜನ ನಂಬಿದ್ದರು. ಹಾರ್ಪರ್ 1959ರಲ್ಲಿ ಬರೆದರು: ಮಲೆನಾಡಿನಲ್ಲಿ ಹಾಗಿಲ್ಲ, ಅಡಕೆ ಮಾರಿದ ಹಣ ಓಡಾಡುತ್ತದೆ, ವ್ಯವಹಾರವೇ ಬೇರೆ ರೀತಿ. ಭಾರತದ ಹಳ್ಳಿ ಎಂದು ಒಂದೇ ಅಚ್ಚಿನ ಊರು ಎಲ್ಲೂ ಇಲ್ಲ. ಅಷ್ಟೇಕೆ, ಕರ್ನಾಟಕದ ಹಳ್ಳಿ ಎನ್ನುವುದೂ ಇಲ್ಲ. ಮಂಡ್ಯದ ನಾಲೆ ಊರು, ಯಾದಗಿರಿಯ ಬಿಸಿಲೂರು, ಸಾಗರದ ತೋಟದೂರು ಮೂರಕ್ಕೂ ಮೂರು ಕಥೆ.

ಬರೆದದ್ದು ಯಾರ ಕೈ ಸೇರಿತು?

ಮೂರನೆಯ ಪ್ರಶ್ನೆ ಸ್ವಲ್ಪ ಕಹಿ. 1799ರಲ್ಲಿ ಟಿಪ್ಪು ಸತ್ತ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ, ಕೆನರಾ, ಮಲಬಾರು ಸುತ್ತಿದ. ಬೆಂಗಳೂರಿನಲ್ಲಿ ಹೈದರ್, ಟಿಪ್ಪು ಮಾಡಿಸಿದ್ದ ತೋಟಗಳನ್ನೂ ನೋಡಿದ. ಇಂದಿನ ಜಯನಗರಕ್ಕೆ ಅಂಟಿಕೊಂಡ ಲಾಲ್‌ಬಾಗ್ ಹುಟ್ಟಿದ್ದು ಆ ಕಾಲದಲ್ಲೇ. ಆ ಮನುಷ್ಯ ಕೇಳದ ಪ್ರಶ್ನೆಯಿಲ್ಲ. ರಾಗಿ ಹೇಗೆ ಬಿತ್ತುತ್ತೀರಿ, ನೇಗಿಲು ಹೇಗಿದೆ, ಕೂಲಿ ಎಷ್ಟು, ಕಂದಾಯ ಎಷ್ಟು, ನೇಕಾರರ ಮಗ್ಗ ಎಂಥದ್ದು. ಇನ್ನೂರು ವರ್ಷ ಹಿಂದಿನ ನಮ್ಮ ಬೇಸಾಯ ಹೇಗಿತ್ತು ಎಂದು ತಿಳಿಯಬೇಕಾದರೆ ಇಂದಿಗೂ ಅವನ ಮೂರು ಸಂಪುಟ ತೆಗೆಯಬೇಕು.

ಆದರೆ ಅವನನ್ನು ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ. ಪುಸ್ತಕ ಅಚ್ಚಾದದ್ದು 1807ರಲ್ಲಿ, ಲಂಡನ್ನಿನಲ್ಲಿ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಎಷ್ಟು ಸಿಗುತ್ತದೆ ಎಂದು ತಿಳಿಯಬೇಕಾಗಿದ್ದವರು ಅವರು. ರಾಗಿಯ ಲೆಕ್ಕ ಕೊಟ್ಟ ರೈತನಿಗೆ ಆ ಪುಸ್ತಕದ ಒಂದು ಹಾಳೆಯೂ ತಲುಪಿರಲಾರದು.

ಎಲ್ಲರೂ ಹಾಗೇ ಅನ್ನುವುದು ತಪ್ಪು. ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆದರೆ ಅದಕ್ಕೂ ಮೊದಲೇ, 1843ರ ಜುಲೈ 1ರಂದು, ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ್ದರು. ಅದು ಕನ್ನಡದ ಮೊದಲ ಪತ್ರಿಕೆ. ಅವರು ಬಂದದ್ದು ಧರ್ಮ ಪ್ರಚಾರಕ್ಕೆ ಎನ್ನುವುದು ನಿಜ. ಆದರೂ ಇಲ್ಲಿಯ ಸುದ್ದಿಯನ್ನು ಇಲ್ಲಿಯವರ ಭಾಷೆಯಲ್ಲಿ ಇಲ್ಲಿಯವರ ಕೈಗೇ ಕೊಟ್ಟರು. ವರದಿಗಾರರಾದ ನಾವು ಪ್ರತಿ ಜುಲೈ 1ರಂದು ಪತ್ರಿಕಾ ದಿನ ಎಂದು ಹಾರ ಹಾಕಿಸಿಕೊಳ್ಳುವುದು ಆ ಕೆಲಸದ ಹೆಸರಿನಲ್ಲಿ.

ಇನ್ನು ನಮ್ಮ ಕಡೆಯದೇ ಒಂದು ಸಂಗತಿ. ಇಂಗ್ಲಿಷ್ ನಿರ್ದೇಶಕ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯಕ್ಕೆ ಸಾವನದುರ್ಗ, ರಾಮನಗರದ ಬಂಡೆಗಳನ್ನು ಬಳಸಿದರು. ಕಥೆ ನಡೆಯುವುದು ಉತ್ತರ ಭಾರತದಲ್ಲಿ. ನಮ್ಮ ಬೆಟ್ಟ ಜಗತ್ತಿನ ತೆರೆಯ ಮೇಲೆ ಮೂಡಿತು, ಆದರೆ ಬೇರೆ ಊರಿನ ಬೆಟ್ಟವಾಗಿ.

ನಮ್ಮ ತಪ್ಪೂ ಇದೆ

ಇಷ್ಟು ಹೇಳಿ ವಿದೇಶಿಯರ ಕಡೆಗೆ ಮಾತ್ರ ಬೆರಳು ತೋರಿಸಿದರೆ ನಾವು ಪ್ರಾಮಾಣಿಕರಲ್ಲ. ಕೆಲವು ವರ್ಷದ ಹಿಂದೆ ನಾವು ಬೆಟ್ಟದ ತಪ್ಪಲಿನ ಒಂದು ಇರುಳಿಗರ ಕಾಲೊನಿಗೆ ಹೋಗಿದ್ದೆವು. ಬೈಕ್ ನಿಲ್ಲಿಸಿದ್ದು ಹನ್ನೊಂದಕ್ಕೆ, ಹೊರಟಿದ್ದು ಒಂದೂವರೆಗೆ. ಜೇನು, ಗೆಡ್ಡೆಗೆಣಸು, ಹಾಡು ಎಂದೆಲ್ಲ ಬರೆದೆವು. ಕಾಡಿನ ಮುಗ್ಧ ಮಕ್ಕಳು ಎಂಬ ಮಾತೂ ಅದರಲ್ಲಿತ್ತು. ದೊಡ್ಡ ಫೋಟೊ ಜೊತೆ ಅಚ್ಚಾಯಿತು. ಹೆಮ್ಮೆಯಿಂದ ಪತ್ರಿಕೆ ಹಿಡಿದು ಮತ್ತೆ ಹೋದೆವು. ಒಬ್ಬ ಹುಡುಗ ಎಲ್ಲರಿಗೂ ಓದಿ ಹೇಳಿದ. ಕೇಳಿಸಿಕೊಂಡ ಅಜ್ಜಿ ಒಂದೇ ಮಾತು ಅಂದರು.

"ಎಲ್ಲಾ ಬರ್ದಿದ್ದೀಯ ಮಗಾ. ನಮ್ಮ ಹಕ್ಕುಪತ್ರದ ವಿಚಾರ ಎಲ್ಲೈತೆ?"

ನಾವು ಕೇಳಿಯೇ ಇರಲಿಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅವರ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಿತ್ತು. ಅಜ್ಜಿ ಅದನ್ನು ಮೊದಲ ದಿನವೇ ಹೇಳಿದ್ದರಂತೆ. ಜೇನಿನ ಫೋಟೊ ತೆಗೆಯುವ ಆತುರದಲ್ಲಿ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಅವತ್ತು ನಮಗೆ ಗೊತ್ತಾಯಿತು, ಪಕ್ಕದ ಊರಿನಿಂದ ಹೋದವನೂ ವಿದೇಶಿಯೇ ಆಗಬಹುದು. ಪಾಸ್‌ಪೋರ್ಟ್ ಬೇಕಿಲ್ಲ, ಎರಡೂವರೆ ಗಂಟೆಯ ಅವಸರ ಸಾಕು.

ಈಗ ಯಾಕೆ ಈ ಮಾತು?

ಯಾಕೆಂದರೆ ಹೊತ್ತು ಮೀರುತ್ತಿದೆ. ಜಯನಗರಕ್ಕೆ ಅಡಿಗಲ್ಲು ಹಾಕಿದ್ದು 1948ರಲ್ಲಿ. ಅದೇ ವರ್ಷ ಶ್ರೀನಿವಾಸ್ ರಾಂಪುರದಲ್ಲಿ ಕೂತು ಊರಿನ ಬಗ್ಗೆ ಬರೆದುಕೊಳ್ಳುತ್ತಿದ್ದರು. ಯಡಿಯೂರು, ಸಿದ್ದಾಪುರ, ಬೈರಸಂದ್ರ, ಮಾರೇನಹಳ್ಳಿಗಳನ್ನು ಬಡಾವಣೆ ಸುತ್ತಿಕೊಂಡಿತು. ಆಮೇಲೆ ಬನಶಂಕರಿಯಲ್ಲಿ ಕತ್ರಿಗುಪ್ಪೆ, ಕದಿರೇನಹಳ್ಳಿ, ಜೆ.ಪಿ. ನಗರದಲ್ಲಿ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ. ಈ ಊರುಗಳಲ್ಲಿ ಕೆರೆ ಏರಿ ಮೇಲೆ ಯಾರು ಏನು ಮಾತಾಡುತ್ತಿದ್ದರು, ಗದ್ದೆ ಹೋದಾಗ ಯಾರಿಗೆ ಎಷ್ಟು ಸಿಕ್ಕಿತು, ಭೂಮಿಯೇ ಇಲ್ಲದ ಕೂಲಿಯವರು ಎಲ್ಲಿಗೆ ಹೋದರು? ಮಂಡ್ಯದ ಎರಡು ಹಳ್ಳಿಗೆ ನಲವತ್ತು ವರ್ಷದ ಲೆಕ್ಕ ಇದೆ. ತಾವರೆಕೆರೆಯ ಆ ಹಸು ಕಟ್ಟುವ ಅಜ್ಜಿಯ ಲೆಕ್ಕ ಅವರ ತಲೆಯಲ್ಲಿದೆ. ಅವರ ನಂತರ ಕೇಳಲು ಯಾರೂ ಇರುವುದಿಲ್ಲ.

ಕನಕಪುರ ರಸ್ತೆಯಲ್ಲಿ ಮೆಟ್ರೊ 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂತು. ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ಈಗ ನಿಲ್ದಾಣದ ಹೆಸರು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಬಂತು. ಅದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಭೂಮಿಗೆ ಬೆಲೆ ಬರುತ್ತದೆ ಎಂದು ಕೆಲವರಿಗೆ ಸಂತೋಷ, ಕೆಲವರಿಗೆ ಸಂಕಟ. ನಮ್ಮ ಮಾತು ಇಷ್ಟೇ: ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಅಕ್ಷರವಾದ ಹಾಗೆ ನಮ್ಮ ಊರುಗಳೂ ಆಗುವ ಮೊದಲು ಊರಿನ ಲೆಕ್ಕ ಬರೆದಿಡಬೇಕು. ಅದಕ್ಕೆ ಇನ್ನೊಬ್ಬ ಎಪ್‌ಸ್ಟೀನ್ ಬರಲಿ ಎಂದು ಕಾಯುವಂತಿಲ್ಲ.

ಏನು ಮಾಡಬಹುದು? ಕಷ್ಟದ್ದೇನಲ್ಲ. ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಊರಿನ ಹೆಸರಲ್ಲೊಂದು ದಪ್ಪ ನೋಟ್‌ಬುಕ್ ಇಡಿ. ಈ ವರ್ಷ ಗಂಡಾಳಿಗೆ ಕೂಲಿ ಎಷ್ಟು, ಹೆಣ್ಣಾಳಿಗೆ ಎಷ್ಟು. ಎಷ್ಟು ಬೋರ್‌ವೆಲ್ ಕೊರೆದರು, ಎಷ್ಟರಲ್ಲಿ ನೀರು ಬಂತು. ರಾಗಿ ಹಾಕಿದವರು ಎಷ್ಟು ಮನೆ, ಸೈಟು ಮಾಡಿದವರು ಎಷ್ಟು ಮನೆ. ಊರು ಬಿಟ್ಟವರು ಯಾರು, ಬಂದು ಸೇರಿದವರು ಯಾರು. ವರ್ಷಕ್ಕೊಮ್ಮೆ, ಯುಗಾದಿ ಆದ ವಾರ, ಹೈಸ್ಕೂಲು ಮಕ್ಕಳ ಕೈಲಿ ಬರೆಸಿ. ಒಂದು ಷರತ್ತು: ಎಲ್ಲ ಕೇರಿಗೂ ಹೋಗಿ ಕೇಳಬೇಕು, ಅಡುಗೆಮನೆಯ ಬಾಗಿಲಲ್ಲೂ ನಿಂತು ಕೇಳಬೇಕು.

ಊರಿಗೆ ವಿದೇಶಿಯರು ಬಂದರೆ, ಇಲ್ಲ ಬೆಂಗಳೂರಿನ ಕಾಲೇಜು ಹುಡುಗರು ಸರ್ವೆ ಎಂದು ಬಂದರೆ, ಓಡಿಸಬೇಡಿ. ಕೂರಿಸಿ, ಮಜ್ಜಿಗೆ ಕೊಡಿ. ದೊಡ್ಡ ಮನೆ ತೋರಿಸಿದಷ್ಟೇ ಧೈರ್ಯವಾಗಿ ಕಡೆಯ ಕೇರಿಯನ್ನೂ ತೋರಿಸಿ. ಹೊರಡುವಾಗ ಎರಡು ಮಾತು ಕೇಳಿ: ಇದು ಎಲ್ಲಿ ಅಚ್ಚಾಗುತ್ತದೆ? ಕನ್ನಡದಲ್ಲಿ ನಮಗೊಂದು ಪ್ರತಿ ಯಾವಾಗ ಕೊಡುತ್ತೀರಿ? ವರದಿಗಾರರು ಅಂತ ನಾವು ಬಂದರೂ ಇದನ್ನೇ ಕೇಳಿ. ನಮಗೆ ಮುಜುಗರವಾಗಲಿ ಪರವಾಗಿಲ್ಲ, ಆ ಅಜ್ಜಿ ಕೇಳಿದ ಮೇಲೆ ಸ್ವಲ್ಪ ರೂಢಿಯಾಗಿದೆ.

ಆ ಜರ್ಮನ್ ಹುಡುಗನ ಕಥೆ ಹೇಳಿ ಮುಗಿಸುತ್ತೇವೆ. ಹಳ್ಳಿ ನೋಡಲು ನಮ್ಮೂರಿಗೆ ಬರುತ್ತೇನೆ ಅಂದ. ಬಾ, ಆದರೆ ಅದಕ್ಕೂ ಮೊದಲು ಒಂದು ವಾರ ದಿನಾ ಸಂಜೆ ಈ ಗಲ್ಲಿಯ ಅಜ್ಜಿ ಹತ್ತಿರ ಕೂತು ತಾವರೆಕೆರೆಯ ಕಥೆ ಕೇಳು, ನಮ್ಮ ಗೆಳೆಯ ಇಂಗ್ಲಿಷಿನಲ್ಲಿ ಹೇಳುತ್ತಾನೆ ಅಂದೆವು. ಅವನು ನಾಲ್ಕು ಸಂಜೆ ಹೋಗಿ ಕೂತನಂತೆ. ನಮ್ಮ ಗೆಳೆಯ ಮೂರು ವರ್ಷದಿಂದ ಅದೇ ಗಲ್ಲಿಯಲ್ಲಿದ್ದಾನೆ. ಅಜ್ಜಿಯ ಹೆಸರು ಅವನಿಗೆ ಗೊತ್ತಾದದ್ದು ಅವತ್ತೇ.